ವನ್ಯಜೀವಿ ಫೋಟೋ ಸ್ಪರ್ಧೆಗೆ ಮಗಳನ್ನು ಸೇರಿಸಲು ದೊಡ್ಡ ಲೆನ್ಸ್ ಕೊಡಿಸಲೇಬೇಕಾ?

ನಿಮ್ಮ ಮಗಳಿಗೆ 12 ವರ್ಷ, ಮನೆ ಮೈಸೂರಿನಲ್ಲಿ, ಕೈಯಲ್ಲಿರುವುದು ಕಿಟ್ ಲೆನ್ಸಿನ (ಕ್ಯಾಮೆರಾ ಜೊತೆಗೇ ಬರುವ ಸಾಧಾರಣ ಲೆನ್ಸ್) ಹಳೇ ಕ್ಯಾಮೆರಾ. ಲಂಡನ್ನಿನ ‘ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್’ ಸ್ಪರ್ಧೆಗೆ ಕಳಿಸಬೇಕಾದರೆ ಲಕ್ಷಗಟ್ಟಲೆ ಬೆಲೆಯ ಲೆನ್ಸು, ಕಬಿನಿ ಸಫಾರಿ ಎಲ್ಲಾ ಬೇಕಾ ಅಂತ ಕೇಳಿದ್ದೀರಿ. ಬೇಡ. ಈಗಂತೂ ಬೇಡವೇ ಬೇಡ.

ನಾನು ಹವ್ಯಾಸಕ್ಕೆ ಹಕ್ಕಿ ಫೋಟೋ ತೆಗೆಯುವವನು. ಶಾಲಾ ಮಕ್ಕಳ ಸಣ್ಣಪುಟ್ಟ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಕರೆಯುತ್ತಾರೆ. ಅಲ್ಲಿ ರಾಶಿ ಬೀಳುವುದು ಹುಲಿ ಫೋಟೋಗಳೇ. ಅದೇ ಜೀಪು, ಅದೇ ರಸ್ತೆ, ಹುಲಿಯೂ ಬಹುಶಃ ಅದೇ! ಜೀಪು ಎಲ್ಲಿ ನಿಲ್ಲಬೇಕು ಅಂತ ಡ್ರೈವರ್ ನಿರ್ಧರಿಸಿರುತ್ತಾನೆ, ಸೆಟ್ಟಿಂಗ್ ಅಪ್ಪ ಮಾಡಿಕೊಟ್ಟಿರುತ್ತಾರೆ. ಮಗುವಿನದು ಅಂತ ಆ ಫೋಟೋದಲ್ಲಿ ಏನೂ ಉಳಿದಿರುವುದಿಲ್ಲ.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ಈ ಸ್ಪರ್ಧೆಯಲ್ಲಿ 2021ರ ಕಿರಿಯರ ದೊಡ್ಡ ಬಹುಮಾನ ಬಂದದ್ದು ಬೆಂಗಳೂರಿನ ವಿದ್ಯುನ್ ಹೆಬ್ಬಾರ್‌ಗೆ. ಆಗ ಅವನಿಗೆ ಹತ್ತು ವರ್ಷ. ತೆಗೆದದ್ದು ಏನನ್ನು? ಗೋಡೆಯ ಸಂದಿಯಲ್ಲಿ ಗುಮ್ಮಟದಂಥ ಬಲೆ ಕಟ್ಟಿಕೊಂಡಿದ್ದ ಒಂದು ಪುಟ್ಟ ಜೇಡವನ್ನು. ಕಾಲು ಚಾಚಿದರೂ ಅದು 15 ಮಿಲಿಮೀಟರ್ ಇರಲಿಲ್ಲ. ಹಿಂದೆ ಆಟೋ ಒಂದು ಹಾದುಹೋಯಿತು, ಅದರ ಬಣ್ಣಗಳೇ ಬಲೆಗೆ ಹಿನ್ನೆಲೆ. 2023ರಲ್ಲಿ ಹತ್ತು ವರ್ಷದೊಳಗಿನವರ ವಿಭಾಗ ಗೆದ್ದದ್ದೂ ಬೆಂಗಳೂರಿನ ಹುಡುಗನೇ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆತೋಪಿನಲ್ಲಿ ತೆಗೆದ ಫೋಟೋ ಅದು. ಅಲ್ಲೂ ಜೇಡವೇ, ಜೊತೆಗೆ ಗೋಡೆಯ ಮೇಲಿನ ಕೃಷ್ಣ! 2018ರಲ್ಲಿ ಪಂಜಾಬಿನ ಹುಡುಗನಿಗೆ ಗೆಲುವು ತಂದದ್ದು ಪೈಪಿನಿಂದ ಇಣುಕುವ ಎರಡು ಹಾಲಕ್ಕಿ ಗೂಬೆಗಳು.

ನಿಮಗೆ ಕುಕ್ಕರಹಳ್ಳಿ ಕೆರೆ ಇದೆಯಲ್ಲಾ. ಹೆಜ್ಜಾರ್ಲೆ, ನೀರುಕಾಗೆ, ಕೊಕ್ಕರೆ ಎಲ್ಲಾ ಅಲ್ಲೇ ಸಿಗುತ್ತವೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಲಿ. ಬೆಳಗಿನ ಬಿಸಿಲು ಎತ್ತ ಬೀಳುತ್ತದೆ, ನೀರುಕಾಗೆ ಯಾವ ಕೊಂಬೆಯ ಮೇಲೆ ಕೂತು ರೆಕ್ಕೆ ಒಣಗಿಸುತ್ತದೆ ಅನ್ನೋದು ಅವಳಿಗೇ ಗೊತ್ತಾಗುತ್ತದೆ. ಕಿಟ್ ಲೆನ್ಸಿನಲ್ಲಿ ಹಕ್ಕಿ ಸಣ್ಣದಾಗಿ ಬರುತ್ತದೆ, ನಿಜ. ಹಾಗಿದ್ದರೆ ಕೆರೆ, ಮರ, ವಾಕಿಂಗ್ ಮಾಡೋ ಜನ ಎಲ್ಲಾ ಸೇರಿದ ಫೋಟೋ ತೆಗೆಯಲಿ. ಗೂಡಿನ ಹತ್ತಿರ ಮಾತ್ರ ಬೇಡ. ತಾಯಿಹಕ್ಕಿ ಬೆದರಿ ಗೂಡು ಬಿಟ್ಟರೆ ಮೊಟ್ಟೆ, ಮರಿ ಎರಡೂ ಹೋಗುತ್ತವೆ. ಎಷ್ಟೋ ಸ್ಪರ್ಧೆಗಳು ಗೂಡಿನ ಫೋಟೋ ತೆಗೆದುಕೊಳ್ಳುವುದೇ ಇಲ್ಲ.

ನಿಯಮದ ವಿಷಯದಲ್ಲಿ ಲಂಡನ್ನಿನವರು ಸಡಿಲ ಬಿಡುವುದಿಲ್ಲ. 2009ರಲ್ಲಿ ಗೇಟು ಹಾರುವ ತೋಳದ ಫೋಟೋಗೆ ಹಿರಿಯರ ಮೊದಲ ಬಹುಮಾನ ಕೊಟ್ಟಿದ್ದರು. ಅದು ಪಳಗಿಸಿದ ತೋಳ ಇರಬಹುದು ಅಂತ ಅನುಮಾನ ಬಂದು ವಾಪಸ್ ಪಡೆದರು. ಹಾಗಾಗಿ ಎಡಿಟ್ ಮಾಡುವಾಗ ಕಸಕಡ್ಡಿ ಅಳಿಸುವುದು, ಹಕ್ಕಿ ಸೇರಿಸುವುದು ಬೇಡ. ಬೆಳಕು ಸರಿಮಾಡುವುದು, ಸ್ವಲ್ಪ ಕ್ರಾಪ್ ಮಾಡುವುದು ಪರವಾಗಿಲ್ಲ. ಕೊನೇ ಸುತ್ತಿಗೆ ಬಂದರೆ ಮೂಲ ಫೈಲ್ ಕೇಳುತ್ತಾರೆ. ಕ್ಯಾಮೆರಾ ಇವತ್ತೇ ರಾ (RAW) ಮೋಡ್‌ಗೆ, ಅಂದರೆ ಫೋಟೋವನ್ನು ಏನೂ ತಿದ್ದದೆ ಹಾಗೇ ಉಳಿಸುವ ಮೋಡ್‌ಗೆ ಹಾಕಿಬಿಡಿ.

17 ವರ್ಷದವರೆಗೆ ಅಲ್ಲಿ ಪ್ರವೇಶ ಶುಲ್ಕ ಇಲ್ಲ. ನಿಮ್ಮ ಮಗಳು 11ರಿಂದ 14ರ ವಿಭಾಗಕ್ಕೆ ಬರುತ್ತಾಳೆ. ಯಾವ ಫೋಟೋ ಕಳಿಸಬೇಕು ಅಂತ ಅವಳೇ ಆರಿಸಲಿ, ನಿಮಗೆ ಇಷ್ಟವಾಗದಿದ್ದರೂ ಸುಮ್ನಿರಿ! ದುಡ್ಡು ಖರ್ಚು ಮಾಡಲೇಬೇಕು ಅನಿಸಿದರೆ ಒಂದು ಒಳ್ಳೇ ಮೆಮೊರಿ ಕಾರ್ಡ್ ತಂದುಕೊಡಿ. ರಾ ಫೈಲುಗಳು ಜಾಗ ಜಾಸ್ತಿ ತಿನ್ನುತ್ತವೆ.