ಆಪ್ ‘ಕ್ಲಿಯರ್’ ಅಂದರೂ ಮೋಡ ಯಾಕೆ? ನಕ್ಷತ್ರ ನೋಡಲು ನಾನು ರಾತ್ರಿ ಆರಿಸುವ ರೀತಿ

ನೀವು ಬರೆದದ್ದು ಇಷ್ಟು: ಬೆಂಗಳೂರಿನಿಂದ ಗೆಳೆಯರ ಜೊತೆ ಮೂರು ಸಲ ನಕ್ಷತ್ರ ನೋಡಲು ಹೊರಗೆ ಹೋಗಿದ್ದೀರಿ. ಎರಡು ಸಲ ಮೋಡ ಕವಿದು ಏನೂ ಕಾಣಲಿಲ್ಲ. ಫೋನಿನ ಹವಾಮಾನ ಆಪ್ ಮಾತ್ರ ‘ಕ್ಲಿಯರ್’ ಅಂತಲೇ ತೋರಿಸಿತ್ತು. ಹಾಗಾದರೆ ಪ್ಲಾನ್ ಮಾಡುವುದು ಹೇಗೆ ಅಂತ ಕೇಳಿದ್ದೀರಿ.

ಶುರುವಿನಲ್ಲಿ ನಾನೂ ಹೀಗೇ ಹೋಗುತ್ತಿದ್ದೆ. ಮೊದಲು ಜಾಗ ಬುಕ್ ಮಾಡುವುದು, ಆಮೇಲೆ ಹವಾಮಾನ ನೋಡುವುದು. ಒಂದು ನವೆಂಬರಿನಲ್ಲಿ ಸಕಲೇಶಪುರದ ಕಡೆ ಮನೆಯೊಂದಕ್ಕೆ ಮುಂಗಡ ಕೊಟ್ಟು ಹೋದೆವು. ಎರಡೂ ರಾತ್ರಿ ಹೆಂಚಿನಿಂದ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಾ ಮಲಗಿದೆವು. ಅಲ್ಲಿಂದ ಬಂದ ಮೇಲೆ ಕ್ರಮವನ್ನೇ ತಿರುಗಿಸಿಬಿಟ್ಟೆ. ಈಗ ಮೊದಲು ರಾತ್ರಿಗಳನ್ನು ಗುರುತು ಹಾಕಿಕೊಳ್ಳುತ್ತೇನೆ. ಯಾವ ಜಾಗ ಅನ್ನುವುದು ಹೊರಡುವ ದಿನ ಮಧ್ಯಾಹ್ನದವರೆಗೂ ತೀರ್ಮಾನ ಆಗುವುದಿಲ್ಲ.

ರಾತ್ರಿಗಳನ್ನು ಗುರುತು ಹಾಕಲು ಗೋಡೆಯ ಮೇಲಿನ ಕ್ಯಾಲೆಂಡರೇ ಸಾಕು. ಬಹುಳ ದಶಮಿಯಿಂದ ಶುಕ್ಲ ಚೌತಿಯವರೆಗೆ ಸುಮಾರು 10 ರಾತ್ರಿ ನಮ್ಮವು. ದಶಮಿಯ ಚಂದ್ರ ಹುಟ್ಟುವಷ್ಟರಲ್ಲಿ ಮಧ್ಯರಾತ್ರಿ ಕಳೆದಿರುತ್ತದೆ. ಅಲ್ಲಿಂದ ಮುಂದೆ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಅಮಾವಾಸ್ಯೆ ಕಳೆದು ಚೌತಿ ಬರುವ ಹೊತ್ತಿಗೆ ರಾತ್ರಿ ಒಂಬತ್ತೂವರೆ ಹತ್ತರ ಹಾಗೆ ಮುಳುಗಿಬಿಡುತ್ತಾನೆ. ಅಮಾವಾಸ್ಯೆಯೇ ಬೇಕು ಅಂತ ಹಟ ಹಿಡಿದರೆ ತಿಂಗಳಿಗೆ ಒಂದೇ ಅವಕಾಶ. ಹೀಗೆ ಹತ್ತು ರಾತ್ರಿ ಲೆಕ್ಕ ಹಾಕಿದರೆ ಒಂದು ಶನಿವಾರವಂತೂ ಸಿಕ್ಕೇ ಸಿಗುತ್ತದೆ, ಎಷ್ಟೋ ಸಲ ಎರಡು.

ಇನ್ನು ತಿಂಗಳು. ನಮ್ಮ ಒಳನಾಡಿಗೆ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು, ಅಕ್ಟೋಬರ್ ನವೆಂಬರ್ ಹಿಂಗಾರು. ಮಳೆಗಾಲ ಮುಗಿಯಿತು ಅಂತ ನವೆಂಬರಿನಲ್ಲಿ ಹೊರಡುವವರು ಮೋಸ ಹೋಗುವುದು ಇಲ್ಲೇ. ಬಂಗಾಳ ಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ಎದ್ದರೆ ಸಾಕು, ಕೋಲಾರ ಬೆಂಗಳೂರಿನ ಮೇಲೆ ಮೂರು ನಾಲ್ಕು ದಿನ ಮೋಡ ಕೂತುಬಿಡಬಹುದು. ಊರಲ್ಲಿ ಮಳೆಗೆ ನಕ್ಷತ್ರದ ಹೆಸರಿಡುತ್ತಾರಲ್ಲ, ಅದರಲ್ಲೂ ನಮಗೆ ಬೇಕಾದ ವಿಷಯ ಇದೆ. ಚಿತ್ತೆ ಮಳೆ ಅಂದರೆ ಸೂರ್ಯ ಚಿತ್ತಾ ನಕ್ಷತ್ರದ ಭಾಗದಲ್ಲಿದ್ದಾನೆ ಅಂತ. ಅಕ್ಟೋಬರ್ ನಡುವಿನ ಆ ದಿನಗಳಲ್ಲಿ ಚಿತ್ತೆ ಸೂರ್ಯನ ಪಕ್ಕದಲ್ಲೇ ಇರುವುದರಿಂದ ನಮಗೆ ಕಾಣುವುದೇ ಇಲ್ಲ. ಯಾವ ಮಳೆ ನಡೆಯುತ್ತಿದೆ ಅಂತ ಗೊತ್ತಿದ್ದರೆ ಆಕಾಶದ ಯಾವ ಭಾಗ ರಾತ್ರಿಗೆ ಸಿಗುವುದಿಲ್ಲ ಅನ್ನುವುದೂ ಗೊತ್ತಾದ ಹಾಗೆ. ನಮ್ಮಜ್ಜಿ ಬಾಯಲ್ಲಿ ಕೇಳಿದ ಆ ಹೆಸರುಗಳ ಅರ್ಥ ನನಗೆ ತಿಳಿದದ್ದು ದುರ್ಬೀನು ಹಿಡಿದ ಮೇಲೆ!

ಏಪ್ರಿಲ್ ಮೇ ತಿಂಗಳನ್ನು ಪೂರ್ತಿ ಬಿಡಬೇಡಿ. ಮಧ್ಯಾಹ್ನ ಕಾದ ನೆಲದಿಂದ ಮೋಡ ಗೋಪುರದಂತೆ ಏಳುತ್ತದೆ, ಸಂಜೆ ಗುಡುಗಿ ಸುರಿಯುತ್ತದೆ. ಬಿಸಿಲಿನ ಬಲ ಹೋದ ಮೇಲೆ ಎಷ್ಟೋ ಸಲ ಹತ್ತು ಹನ್ನೊಂದು ಗಂಟೆಗೆ ಕರಗಿಹೋಗುತ್ತದೆ. ಮಳೆ ಧೂಳನ್ನೆಲ್ಲ ತೊಳೆದಿರುತ್ತದೆ. ನಾನು ಕಂಡ ಅತ್ಯಂತ ಶುಭ್ರ ಆಕಾಶಗಳಲ್ಲಿ ಒಂದೆರಡು ಭರಣಿ ಮಳೆಯ ರಾತ್ರಿಗಳವು.

ಈಗ ನಿಮ್ಮ ಆಪ್ ವಿಷಯ. ಅದರ ಚಿತ್ರ ಮುಖ್ಯವಾಗಿ ಮಳೆ ಬರುತ್ತದೋ ಇಲ್ಲವೋ ಅಂತ ಹೇಳಲು ಇರುವುದು. ಕೊಡೆ ಬೇಕಾ ಬೇಡವಾ ಅನ್ನುವವರಿಗೆ ಅಷ್ಟು ಸಾಕು, ನಮಗೆ ಸಾಲದು. ಮೋಡ ಮೂರು ಎತ್ತರದಲ್ಲಿ ಇರುತ್ತದೆ. ಕೆಳಗಿನ ಮೋಡ, ನಡುವಿನದು, ಮತ್ತೆ ತುಂಬಾ ಮೇಲೆ ಹಿಮದ ಹರಳುಗಳಿಂದಾದ ತೆಳು ಮೋಡ. ಈ ಕೊನೆಯದೇ ಕಳ್ಳ. ಹಗಲಿನಲ್ಲಿ ಆಕಾಶ ನೀಲಿಯಾಗಿಯೇ ಕಾಣುತ್ತದೆ. ರಾತ್ರಿ ಮಾತ್ರ ಮಂದ ನಕ್ಷತ್ರಗಳನ್ನೆಲ್ಲ ನುಂಗಿ, ಲುಬ್ಧಕದಂಥ ತುಂಬಾ ಹೊಳೆಯುವ ಒಂದೆರಡನ್ನು ಬಿಡುತ್ತದೆ. 2021ರ ಮೇ 24ರಂದು ಬೆಂಗಳೂರಿನಲ್ಲಿ ಸೂರ್ಯನ ಸುತ್ತ ದೊಡ್ಡ ಉಂಗುರ ಕಂಡು ಎಲ್ಲರೂ ಫೋಟೊ ಹಂಚಿಕೊಂಡಿದ್ದರು, ನೆನಪಿದೆಯಾ? ಅದನ್ನು ಮಾಡಿದ್ದು ಇದೇ ಹಿಮದ ಹರಳುಗಳು. ಹೊರಡುವ ದಿನ ಸೂರ್ಯನ ಸುತ್ತ ಅಂಥ ಉಂಗುರ ಕಂಡರೆ ನಾನು ಟೆಲಿಸ್ಕೋಪನ್ನು ಕಾರಿಗೆ ಹಾಕುವುದೇ ಇಲ್ಲ.

ವಿಂಡಿಯಂಥ ಹವಾಮಾನ ಜಾಲತಾಣದಲ್ಲಿ ಈ ಮೂರು ಮೋಡಗಳನ್ನೂ ಬೇರೆ ಬೇರೆಯಾಗಿ ನೋಡಬಹುದು. ಅಲ್ಲೇ ಹವಾಮಾನವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುವ ಯುರೋಪಿನ ಮಾದರಿ, ಅಮೆರಿಕದ ಮಾದರಿ ಎರಡೂ ಇವೆ. ಮೂರು ದಿನ ಮುಂಚೆ ಎರಡನ್ನೂ ತೆಗೆದು ನೋಡಿ. ಎರಡೂ ಒಂದೇ ಮಾತು ಹೇಳಿದರೆ ಸ್ವಲ್ಪ ನಂಬಬಹುದು. ಒಂದು ಖಾಲಿ ಆಕಾಶ ತೋರಿಸಿ ಇನ್ನೊಂದು ಮೋಡ ತೋರಿಸಿದರೆ ಏನೂ ನಿರ್ಧಾರ ಆಗಿಲ್ಲ ಅಂತಲೇ ತಿಳಿಯಿರಿ. ಅಮೆರಿಕದ ಹವ್ಯಾಸಿಗಳು ಕೊಂಡಾಡುವ ಕ್ಲಿಯರ್ ಸ್ಕೈ ಚಾರ್ಟ್ ಅನ್ನುವ ಮುನ್ಸೂಚನೆ ನಮಗೆ ಸಿಗುವುದಿಲ್ಲ, ಅದು ಉತ್ತರ ಅಮೆರಿಕಕ್ಕೆ ಮಾತ್ರ. ಮೀಟಿಯೊಬ್ಲೂ ಜಾಲತಾಣದಲ್ಲಿ ಮಾತ್ರ ನಮ್ಮ ಊರುಗಳಿಗೂ ಖಗೋಳ ವೀಕ್ಷಣೆಯ ಪುಟ ಇದೆ.

ಆದರೆ ಹೊರಡುವ ದಿನ ನಾನು ಯಾವ ಮಾದರಿಯನ್ನೂ ನೆಚ್ಚುವುದಿಲ್ಲ. ನಮ್ಮದೇ ಇನ್ಸಾಟ್ ಉಪಗ್ರಹದ ಚಿತ್ರ ನೋಡುತ್ತೇನೆ. ಹವಾಮಾನ ಇಲಾಖೆಯ ‘ಮೌಸಮ್’ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮಾದರಿ ಹೇಳುವುದು ಊಹೆ. ಇದು ಈಗ ಅಲ್ಲಿ ನಿಜವಾಗಿ ಇರುವ ಮೋಡ. ಒಂದೇ ಚಿತ್ರ ನೋಡಿ ಬಿಡಬೇಡಿ, ಕಳೆದ ನಾಲ್ಕೈದು ಗಂಟೆಯ ಚಿತ್ರಗಳನ್ನು ಓಡಿಸಿ ನೋಡಿ. ಮೋಡ ಯಾವ ಕಡೆಯಿಂದ ಬರುತ್ತಿದೆ, ಬೆಳೆಯುತ್ತಿದೆಯೋ ಕರಗುತ್ತಿದೆಯೋ ಅನ್ನುವುದು ಮುಖ್ಯ. ಎರಡು ಎಚ್ಚರಿಕೆ. ಚಿತ್ರದ ಮೇಲಿನ ಸಮಯ ಯುಟಿಸಿಯಲ್ಲಿ, ಅಂದರೆ ಜಾಗತಿಕ ಸಮಯದಲ್ಲಿದ್ದರೆ ಐದೂವರೆ ಗಂಟೆ ಕೂಡಿಸಿಕೊಳ್ಳಿ. ಎರಡನೆಯದು, ರಾತ್ರಿ ಸಿಗುವುದು ಇನ್ಫ್ರಾರೆಡ್ ಚಿತ್ರ. ಅದು ಮೋಡದ ತಲೆ ಎಷ್ಟು ತಣ್ಣಗಿದೆ ಅನ್ನುವುದನ್ನು ತೋರಿಸುತ್ತದೆ. ನೆಲಕ್ಕೆ ಹತ್ತಿರದ ಮೋಡ ಹೆಚ್ಚು ಕಡಿಮೆ ನೆಲದಷ್ಟೇ ಬೆಚ್ಚಗಿರುವುದರಿಂದ ಅದರಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಸಂಜೆ ಬೆಳಕು ಇರುವಾಗಲೇ ಮಾಮೂಲಿ ಬೆಳಕಿನ ಚಿತ್ರವನ್ನು ಒಮ್ಮೆ ನೋಡಿಬಿಡಿ.

ಇದೆಲ್ಲ ಉಪಯೋಗಕ್ಕೆ ಬರಬೇಕಾದರೆ ಕೈಯಲ್ಲಿ ಒಂದಕ್ಕಿಂತ ಜಾಸ್ತಿ ಜಾಗ ಇರಬೇಕು, ಅದೂ ಬೇರೆ ಬೇರೆ ದಿಕ್ಕಿನಲ್ಲಿ. ನನ್ನ ಹತ್ತಿರ ಮೂರು ಇವೆ. ಪಾವಗಡದ ಕಡೆ ಒಂದು ಹೊಲ, ಬೆಂಗಳೂರಿನಿಂದ ಸುಮಾರು 160 ಕಿ.ಮೀ. ಹಿರಿಯೂರು ದಾಟಿ ಚಳ್ಳಕೆರೆ ರಸ್ತೆಯಲ್ಲಿ ಇನ್ನೊಂದು. ಕೊಳ್ಳೇಗಾಲದ ಕಡೆ ಗೆಳೆಯರ ತೋಟದ ಮನೆ. ಪೂರ್ವದಿಂದ ಮೋಡ ನುಗ್ಗುವ ದಿನ ಪಾವಗಡವೋ ಹಿರಿಯೂರೋ. ಉತ್ತರದಲ್ಲಿ ಮೋಡ ಇದ್ದರೆ ಕೊಳ್ಳೇಗಾಲ. ಮೂರೂ ಕಡೆ ಮೋಡ ಇದ್ದರೆ ಮನೆ. ಪಾವಗಡ, ಹಿರಿಯೂರು, ಚಳ್ಳಕೆರೆ ಮಳೆ ಕಡಿಮೆ ಬೀಳುವ ಸೀಮೆ. ಅಲ್ಲಿನ ಜನರಿಗೆ ಅದು ಕಷ್ಟ, ನಕ್ಷತ್ರ ನೋಡುವವರಿಗೆ ಅದೇ ಅನುಕೂಲ. ಹೊಲದ ಯಜಮಾನರ ಮುಂದೆ ಕೂತು ಮೋಡ ಬರದಿರಲಿ ಅಂತ ಬಾಯಿಬಿಟ್ಟು ಹೇಳಲು ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ.

ಜಾಗ ಹುಡುಕಲು ಬೆಳಕಿನ ಮಾಲಿನ್ಯದ ನಕ್ಷೆಗಳು ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಬಾರ್ಟಲ್ ಅಳತೆ ಅಂತ ಒಂದಿದೆ, 1 ಅಂದರೆ ಕಡುಗತ್ತಲು, 9 ಅಂದರೆ ದೊಡ್ಡ ನಗರದ ನಡುಭಾಗ. 4 ಸಿಕ್ಕರೂ ಹಾಲುಹಾದಿ ಕಾಣುತ್ತದೆ. ಅದಕ್ಕಾಗಿ ಕಾಡಿನೊಳಗೆ ಹೋಗಬೇಡಿ. ಅಭಯಾರಣ್ಯದಲ್ಲಿ ರಾತ್ರಿ ಇರಲು ಬಿಡುವುದಿಲ್ಲ, ಬಿಡಲೂಬಾರದು. ಚಿತ್ರದುರ್ಗದ ಕಡೆ ಗಾಳಿಯಂತ್ರಗಳ ತುದಿಯಲ್ಲಿ ಮಿನುಗುವ ಕೆಂಪು ದೀಪಗಳನ್ನೂ ಹಗಲಲ್ಲೇ ಹೋಗಿ ಲೆಕ್ಕ ಹಾಕಿಕೊಂಡು ಬನ್ನಿ.

ಎಲ್ಲಕ್ಕಿಂತ ಒಳ್ಳೆಯ ಮುನ್ಸೂಚನೆ ಯಾವುದು ಗೊತ್ತಾ? ಅಲ್ಲಿರುವವರಿಗೆ ಒಂದು ಫೋನ್. ಪಾವಗಡದ ಹೊಲದ ಅಣ್ಣನಿಗೆ ಹಿಂದಿನ ರಾತ್ರಿಯೇ ಫೋನ್ ಮಾಡಿ, ‘ಕೃತ್ತಿಕೆಯಲ್ಲಿ ಎಷ್ಟು ಚುಕ್ಕೆ ಎಣಿಸೋಕೆ ಆಗ್ತಿದೆ?’ ಅಂತ ಕೇಳುತ್ತೇನೆ. ಆ ಪುಟ್ಟ ನಕ್ಷತ್ರದ ಗೊಂಚಲಿನಲ್ಲಿ ಆರು ಅಂದರೆ ಸರಿ. ‘ಮೋಡ ಏನಿಲ್ಲ, ಸುಮ್ನೆ ಮಬ್ಬು ಮಬ್ಬಾಗಿದೆ, ನಾಲ್ಕೋ ಐದೋ ಇರಬಹುದು’ ಅಂದರೆ ಧೂಳೋ ಹೊಗೆಯೋ ಇದೆ ಅಂತ ಅರ್ಥ. ಫೆಬ್ರವರಿ ಮಾರ್ಚಿನಲ್ಲಿ ಕಾಡ್ಗಿಚ್ಚಿನ ಹೊಗೆ, ಹೊಲದಲ್ಲಿ ಸುಡುವ ಕಸದ ಹೊಗೆ ಎರಡೂ ಸೇರುತ್ತವೆ. ಇದನ್ನು ಯಾವ ಆಪ್‌ನ ಸೂರ್ಯನ ಚಿತ್ರವೂ ಹೇಳುವುದಿಲ್ಲ.

ಇನ್ನೊಂದು ಶತ್ರು ಇಬ್ಬನಿ. ಗಾಳಿ ಇಲ್ಲದ, ಮೋಡವಿಲ್ಲದ ರಾತ್ರಿ ನಮಗೆ ಹಬ್ಬ, ಇಬ್ಬನಿಗೂ ಹಬ್ಬ. ಟೆಲಿಸ್ಕೋಪಿನ ಗಾಜು ಬರಿಯ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ನೀರು ಕಟ್ಟುತ್ತದೆ. ಮುನ್ಸೂಚನೆಯಲ್ಲಿ ತಾಪಮಾನದ ಪಕ್ಕ ಇಬ್ಬನಿ ಬಿಂದುವನ್ನೂ ನೋಡಿ, ಅಂದರೆ ಗಾಳಿಯ ತೇವ ನೀರಾಗಿ ಕಟ್ಟಲು ಶುರುವಾಗುವ ತಾಪಮಾನ. ತಾಪಮಾನ 18 ಡಿಗ್ರಿ, ಇಬ್ಬನಿ ಬಿಂದು 10 ಇದ್ದರೆ ನಿಶ್ಚಿಂತೆ. 18ಕ್ಕೆ 16 ಅಂತಿದ್ದರೆ ಗಾಜು ಒದ್ದೆಯಾಗುತ್ತದೆ, ಬೆಳಗಿನ ಜಾವಕ್ಕೆ ಮಂಜೂ ಕವಿಯಬಹುದು. ಅಂಥ ದಿನ ಕೆರೆ ಪಕ್ಕ, ತಗ್ಗು, ನೀರು ಬಿಟ್ಟ ಗದ್ದೆ ಬೇಡ. ತಣ್ಣನೆ ಗಾಳಿ ತಗ್ಗಿಗೆ ಇಳಿದು ಕೂರುವುದರಿಂದ ಸ್ವಲ್ಪ ಎತ್ತರದ ಹೊಲ ವಾಸಿ. ಗಾಜಿನ ಮುಂದೆ ಕೊಳವೆಯಂತೆ ಒಂದು ರಟ್ಟು ಸುತ್ತಿದರೂ ಎಷ್ಟೋ ಹೊತ್ತು ತಡೆಯುತ್ತದೆ. ಒದ್ದೆಯಾದರೆ ಬಟ್ಟೆಯಲ್ಲಿ ಮಾತ್ರ ಒರೆಸಬೇಡಿ.

ಇಷ್ಟು ಮಾಡಿದರೂ ತಪ್ಪುತ್ತದೆ. ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರಿನಲ್ಲಿ ವೈನು ಬಾಪು ವೀಕ್ಷಣಾಲಯದ 2.34 ಮೀಟರ್ ದೂರದರ್ಶಕ ಇದೆ, ಅದೂ ಹಿಂಗಾರು ಮುಗಿಯಲಿ ಅಂತ ಕಾಯಲೇಬೇಕು. ಲಡಾಖಿನ ಹಾನ್ಲೆ ಹಿಮಾಲಯದ ಮಳೆ ನೆರಳಿನಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಅಲ್ಲಿನ 2 ಮೀಟರ್ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ! ಹೊಸಕೋಟೆಯಲ್ಲಿ ಮಳೆ ಸುರಿಯುತ್ತಿದ್ದರೂ ಅಲ್ಲಿ ಕೂತವರ ಪರದೆಯಲ್ಲಿ ಶುಭ್ರ ಆಕಾಶ ಇರಬಹುದು ಅಂತ ನೆನೆದರೆ ನನಗೆ ಖುಷಿಯಾಗುತ್ತದೆ.

ಹೊರಡುವ ದಿನ ನನ್ನ ಹೊತ್ತು ಹೀಗಿರುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಉಪಗ್ರಹದ ಚಿತ್ರ, ಎರಡಕ್ಕೆ ಗೆಳೆಯರಿಗೆ ಜಾಗದ ಸಂದೇಶ, ಮೂರಕ್ಕೆ ಪ್ರಯಾಣ. ಕತ್ತಲಾಗುವ ಮುಂಚೆ ತಲುಪಲೇಬೇಕು. ಸೂರ್ಯ ಮುಳುಗಿ ಸುಮಾರು ಒಂದೂಕಾಲು ಗಂಟೆಗೆ ಪೂರ್ತಿ ಕತ್ತಲು. ಕಣ್ಣು ಕತ್ತಲಿಗೆ ಹೊಂದಲು 20ರಿಂದ 30 ನಿಮಿಷ ಬೇಕು. ಆಮೇಲೆ ಫೋನ್ ತೆಗೆಯಬೇಡಿ, ಕೆಂಪು ದೀಪ ಮಾತ್ರ.

ಅಲ್ಲಿ ಹೋದ ಮೇಲೆ ಮೋಡ ಬಂದರೆ ತಕ್ಷಣ ಗಂಟುಮೂಟೆ ಕಟ್ಟಬೇಡಿ. ನಾನು ರಾತ್ರಿ ಒಂದು ಗಂಟೆ ಆಗುವವರೆಗೆ ಕಾಯುತ್ತೇನೆ. ಒಂದು ಮಾರ್ಚಿನ ಅಮಾವಾಸ್ಯೆ ಹತ್ತಿರ ಪಾವಗಡದಲ್ಲಿ ಎಂಟೂವರೆಗೆಲ್ಲ ಮೋಡ ಮುಚ್ಚಿತು. ಗೆಳೆಯರು ಇಬ್ಬರು ವಾಪಸ್ ಹೊರಟೇ ಬಿಟ್ಟರು. ಉಳಿದವರು ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು, ಚಾಪೆ ಮೇಲೆ ಕಂಬಳಿ ಹೊದ್ದು ಮಲಗಿದೆವು. ಹನ್ನೆರಡೂವರೆಗೆ ಹೊಲದ ಅಣ್ಣನೇ ಬಂದು ಎಬ್ಬಿಸಿದರು. ದಕ್ಷಿಣದಲ್ಲಿ ಶಿಲುಬೆಯಾಕಾರದ ತ್ರಿಶಂಕು ನಕ್ಷತ್ರಪುಂಜ ನೆಟ್ಟಗೆ ನಿಂತಿತ್ತು. ಅದರ ಎಡಕ್ಕೆ ಮೇಲೆ ಒಮೆಗಾ ಸೆಂಟಾರಿ ಅನ್ನುವ ನಕ್ಷತ್ರಗಳ ಗುಚ್ಛ, ಬರಿಗಣ್ಣಿಗೇ ಹತ್ತಿಯ ಚೂರಿನ ಹಾಗೆ. ದುರ್ಬೀನು ಅವರ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದರು. ಆಮೇಲೆ ಮನೆಯವರನ್ನು ಕರೆಯಲು ಹೋದರು.