ಓದುಗರ ಪ್ರಶ್ನೆ: ಪಿಕಪ್ ಕ್ಯಾಂಪರಿಗೆ ಸೌರ ವಿದ್ಯುತ್ ಅಳವಡಿಸಲು ಎಷ್ಟು ಖರ್ಚಾದೀತು?

ಪ್ರಶ್ನೆ: ಪಿಕಪ್ ಟ್ರಕ್ಕಿನ ಹಿಂಬದಿಯಲ್ಲಿ ಕೂರಿಸುವ ಹಳೆಯ ಕ್ಯಾಂಪರೊಂದನ್ನು ಕೊಂಡಿದ್ದೇವೆ. ಅದರಲ್ಲಿ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಮತ್ತು 100 ಎಎಚ್‌ನ (ಆಂಪಿಯರ್-ಅವರ್) ಒಂದು ಲೆಡ್-ಆಸಿಡ್ ಬ್ಯಾಟರಿ ಇವೆ. ಕ್ವಾರ್ಟ್ಜ್‌ಸೈಟ್ ಕಡೆಯ ಸರ್ಕಾರಿ ಬಯಲಿನಲ್ಲಿ ತಂಗಿದರೆ ಎರಡನೆಯ ಬೆಳಗಿನ ಹೊತ್ತಿಗೆ ಬ್ಯಾಟರಿ ಕೈಕೊಡುತ್ತದೆ. ಇಲ್ಲಿನ ಅಂಗಡಿಯೊಂದು 200 ವಾಟ್ ಸೌರಫಲಕ ಮತ್ತು ಲಿಥಿಯಂ ಬ್ಯಾಟರಿ ಅಳವಡಿಸಲು 2,400 ಡಾಲರ್ ಕೇಳಿದೆ. ಇದು ಸರಿಯಾದ ಬೆಲೆಯೇ?
— ಓದುಗರೊಬ್ಬರು, ಫೀನಿಕ್ಸ್, ಅರಿಜೋನ

ಉತ್ತರ: ಸಾಮಾನಿನ ಬೆಲೆ ಇದರ ಅರ್ಧಕ್ಕೂ ಬರುವುದಿಲ್ಲ, ಉಳಿದದ್ದು ಕೂಲಿ ಮತ್ತು ಅಂಗಡಿಯ ಲಾಭ. ಹಾಗೆಂದು ಅದನ್ನು ಮೋಸವೆನ್ನಲಾರೆ, ಏಕೆಂದರೆ ಗಂಟೆಗೆ 150 ಡಾಲರಿನಂತೆ ಎಂಟು ಗಂಟೆ ಕೆಲಸವೆಂದರೂ ಕೂಲಿಯೇ 1,200 ಆಗುತ್ತದೆ.

ಮೊದಲು ನಿಮ್ಮ ಬಳಕೆಯನ್ನು ನೋಡೋಣ. ಊರಿನಲ್ಲಿ ಕರೆಂಟ್ ಬಿಲ್ಲಿನಲ್ಲಿ ನೋಡುತ್ತಿದ್ದ ಯೂನಿಟ್ಟಿನ ಲೆಕ್ಕವೇ ಇಲ್ಲಿಯೂ ಸಾಕು. ಫ್ರಿಜ್ ದಿನಕ್ಕೆ ಸುಮಾರು ಅರ್ಧ ಯೂನಿಟ್ ಎಳೆಯುತ್ತದೆ. ಚಾವಣಿಯ ಫ್ಯಾನು, ಎಲ್‌ಇಡಿ ದೀಪಗಳು, ಎರಡು ಫೋನು ಮತ್ತು ಒಂದು ಲ್ಯಾಪ್‌ಟಾಪ್ ಸೇರಿ ಇನ್ನು ಕಾಲು ಯೂನಿಟ್ ಬೇಕು. ನಿಮ್ಮ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಹೆಸರಿಗೆ 1.2 ಯೂನಿಟ್ ಇದ್ದರೂ, ಅದರ ಆಯಸ್ಸು ಕೆಡದಂತೆ ತೆಗೆಯಬಹುದಾದದ್ದು ಅರ್ಧ ಮಾತ್ರ. ಆದ್ದರಿಂದ ಅದು ಎರಡನೆಯ ಬೆಳಗಿಗೆ ಮಲಗಿಬಿಡುವುದರಲ್ಲಿ ಆಶ್ಚರ್ಯವೇನಿಲ್ಲ. ಚಾವಣಿಗೆ ಚಪ್ಪಟೆಯಾಗಿ ಬಿಗಿದ 200 ವಾಟಿನ ಫಲಕಗಳು ಅರಿಜೋನದ ವಸಂತದಲ್ಲಿ ದಿನಕ್ಕೆ ಮುಕ್ಕಾಲು ಯೂನಿಟ್ ಕೊಡುತ್ತವೆ, ಡಿಸೆಂಬರಿನಲ್ಲಿ ಅರ್ಧ ಯೂನಿಟ್ಟಿಗೆ ಇಳಿಯುತ್ತವೆ. ಎಂದರೆ ನಿಮ್ಮ ಅಂಗಡಿಯವರು ಸೂಚಿಸಿದ ಅಳತೆ ಸರಿಯಾಗಿಯೇ ಇದೆ. ಇಷ್ಟರಲ್ಲಿ ಏರ್ ಕಂಡಿಷನರ್ ಓಡಿಸುವ ಆಸೆಯನ್ನು ಮಾತ್ರ ಇಟ್ಟುಕೊಳ್ಳಬೇಡಿ.

ಈಗ ಸ್ವತಃ ಕೊಂಡರೆ ಆಗುವ ಖರ್ಚು. 100 ವಾಟಿನ ಎರಡು ಗಟ್ಟಿ ಫಲಕಗಳಿಗೆ 160ರಿಂದ 220 ಡಾಲರ್ ಆಗುತ್ತದೆ. ಇಡೀ ಏರ್ಪಾಡಿನಲ್ಲಿ ಎದ್ದು ಕಾಣುವ ವಸ್ತುವೇ ಅಗ್ಗದ್ದೆಂಬುದು ವಿಚಿತ್ರವಾದರೂ ನಿಜ. ಫಲಕದಿಂದ ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಹದದಲ್ಲಿಡುವ, ಎಂಪಿಪಿಟಿ ಬಗೆಯ (ಫಲಕದಿಂದ ಆದಷ್ಟೂ ಹೆಚ್ಚು ಶಕ್ತಿ ಎಳೆಯುವ) 20 ಆಂಪಿಯರ್ ಚಾರ್ಜ್ ಕಂಟ್ರೋಲರಿಗೆ 100ರಿಂದ 150, ಲಿಥಿಯಂ ಐರನ್ ಫಾಸ್ಫೇಟ್ ಬಗೆಯ 100 ಎಎಚ್ ಬ್ಯಾಟರಿಗೆ 250ರಿಂದ 400, ವೈರು, ಕನೆಕ್ಟರು, ಫ್ಯೂಸು, ಚಾವಣಿಯ ಸೀಲಂಟ್ ಮೊದಲಾದ ಚಿಲ್ಲರೆಗೆ 150 ಎಂದು ಇಟ್ಟುಕೊಂಡರೆ ಒಟ್ಟು 660ರಿಂದ 920 ಡಾಲರ್. ಹೊರಗಿನ ಕರೆಂಟಿಗೆ ಸಿಕ್ಕಿಸಿದಾಗ ಬ್ಯಾಟರಿ ತುಂಬಿಸುವ, ಹಳೆಯ ಕ್ಯಾಂಪರಿನ ಕನ್ವರ್ಟರು ಲೆಡ್-ಆಸಿಡ್ ಬ್ಯಾಟರಿಗೆಂದು ಮಾಡಿದ್ದಾದ್ದರಿಂದ ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಸದೇ ಇರಬಹುದು. ಅದನ್ನೂ ಬದಲಿಸಬೇಕಾದರೆ ಇನ್ನೊಂದು 200. ಬ್ಯಾಟರಿಯ ತೂಕವೂ ಲೆಕ್ಕಕ್ಕೆ ಬರುವ ಮಾತೇ. ಕ್ಯಾಂಪರಿನ ಭಾರವಷ್ಟೂ ಪಿಕಪ್ಪಿನ ಬೆನ್ನ ಮೇಲೆಯೇ ಇರುವುದರಿಂದ, 30 ಕಿಲೋ ಇರುವ ಹಳೆಯದರ ಜಾಗದಲ್ಲಿ 12 ಕಿಲೋದ್ದು ಬಂದರೆ ಲಾಭವೇ. ಆದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡುವಂತಿಲ್ಲ. ಎತ್ತರದ ಪ್ರದೇಶವಾದ ಫ್ಲ್ಯಾಗ್‌ಸ್ಟಾಫ್ ಕಡೆ ಚಳಿಗಾಲದಲ್ಲಿ ಹೋಗುವವರಾದರೆ ಬ್ಯಾಟರಿಯನ್ನು ಒಳಗೆ, ಬೆಚ್ಚಗಿನ ಕಡೆ ಇಡಿಸಿ.

ತೆರಿಗೆಯಲ್ಲಿ ಶೇ 30ರಷ್ಟು ವಾಪಸು ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮಲಗಲು, ಅಡುಗೆಗೆ ಮತ್ತು ಶೌಚಕ್ಕೆ ಅನುಕೂಲವಿದ್ದ ಕ್ಯಾಂಪರನ್ನು ಎರಡನೆಯ ಮನೆಯೆಂದು ತೋರಿಸಿ ಈ ಕೇಂದ್ರ ರಿಯಾಯಿತಿ ಪಡೆಯುವ ಅವಕಾಶವಿದ್ದದ್ದು ನಿಜ. ಆದರೆ 2025ರ ಜುಲೈಯಲ್ಲಿ ಬಂದ ಕಾನೂನಿನ ಪ್ರಕಾರ, ಆ ವರ್ಷದ ಡಿಸೆಂಬರ್ 31ರ ನಂತರದ ಖರ್ಚಿಗೆ ಅದು ಅನ್ವಯಿಸುವುದಿಲ್ಲ.

ಫಲಕಗಳನ್ನು ಎಲ್ಲಿ ಕೂರಿಸುತ್ತಾರೆಂಬುದನ್ನು ಮುಂಗಡ ಕೊಡುವ ಮೊದಲೇ ಚಾವಣಿ ಹತ್ತಿ ನೋಡಿಕೊಳ್ಳಿ. ನನ್ನ ಸ್ವಂತ ಕ್ಯಾಂಪರಿನಲ್ಲಿ ಮೊದಲ ಬೇಸಿಗೆಯಿಡೀ ನಡುಹಗಲಿಗೂ 5 ಆಂಪಿಯರಿಗಿಂತ ಹೆಚ್ಚು ಬರುತ್ತಿರಲಿಲ್ಲ. ವೈರು ತೆಳುವೆಂದು ಬಿಚ್ಚಿ ದಪ್ಪನೆಯದನ್ನು ಎಳೆಸಿದರೂ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ನೋಡಿದರೆ, ತೆರೆದಿಟ್ಟ ಗಾಳಿಕಿಂಡಿಯ ಮುಚ್ಚಳದ ನೆರಳು ಒಂದು ಫಲಕದ ಅಂಚಿನ ಕೋಶಗಳ ಮೇಲೆ ಗೇಣಗಲ ಬೀಳುತ್ತಿತ್ತು. ಮುಚ್ಚಳವನ್ನು ಇಳಿಸಿದ ಕೂಡಲೇ ಮೀಟರಿನ ಅಂಕಿ 10ಕ್ಕೆ ಏರಿತು. ಫಲಕವನ್ನು ಒಂದು ಅಡಿ ಸರಿಸುವ ಕೆಲಸಕ್ಕೆ ಹಳೆಯ ತೂತುಗಳನ್ನೆಲ್ಲ ಮುಚ್ಚಿ ಹೊಸದಾಗಿ ಕೊರೆಯಬೇಕಾಯಿತು.

ನಿಮಗೆ ಕ್ರಿಂಪಿಂಗ್ (ವೈರಿನ ತುದಿಗೆ ಕನೆಕ್ಟರನ್ನು ಒತ್ತಿ ಬಿಗಿಯುವುದು) ಮಾಡಲು, ಫ್ಯೂಸ್ ಹಾಕಲು ಬರುವುದಾದರೆ ಎರಡು ಶನಿವಾರಗಳಲ್ಲಿ ನೀವೇ ಮಾಡಿ ಮುಗಿಸಬಹುದು. ಬರದಿದ್ದರೆ ಅಂಗಡಿಯವರಿಂದ ಸಾಮಾನು ಮತ್ತು ಕೂಲಿಯನ್ನು ಬೇರೆಬೇರೆಯಾಗಿ ಬರೆಸಿಕೊಳ್ಳಿ. ಒಟ್ಟು 2,000 ಡಾಲರಿನವರೆಗೆ ಒಪ್ಪಬಹುದೆಂದು ನನ್ನ ಅಭಿಪ್ರಾಯ. 2,400ಕ್ಕೆ ಒಪ್ಪುವುದಾದರೆ ಕನ್ವರ್ಟರ್ ಬದಲಾವಣೆಯೂ ಅದರಲ್ಲಿ ಸೇರಿರಲಿ.

ಪ್ರಶ್ನೆ: ಚಾವಣಿಗೆ ತೂತು ಕೊರೆಯದೆ, ಮಡಚಿಡುವ ಫಲಕವನ್ನೇ ನೆಲದ ಮೇಲೆ ಹರಡಿದರೆ ಸಾಲದೇ?
— ಇನ್ನೊಬ್ಬ ಓದುಗರು, ಸಿಯಾಟಲ್

ಉತ್ತರ: ನಿಮ್ಮ ಕಡೆ ಮರಗಳ ನೆರಳು ಹೆಚ್ಚಾದ್ದರಿಂದ ಬೇಸಿಗೆಗೆ ಅದೇ ಮೇಲು: ಗಾಡಿ ನೆರಳಿನಲ್ಲಿ, ಫಲಕ ಬಿಸಿಲಿನಲ್ಲಿ ಇರಬಹುದು. ಆದರೆ ಡಿಸೆಂಬರಿನಲ್ಲಿ ಸಿಯಾಟಲ್‌ನ ಮೋಡದಡಿ 200 ವಾಟಿನ ಫಲಕದಿಂದ ದಿನಕ್ಕೆ ಯೂನಿಟ್ಟಿನ ಆರನೆಯ ಒಂದು ಭಾಗ ಸಿಗುವುದೂ ಕಷ್ಟ. ಚಳಿಗಾಲದಲ್ಲೂ ತಿರುಗುವವರಾದರೆ, ಓಡುವಾಗ ಎಂಜಿನ್ನಿನ ಆಲ್ಟರ್ನೇಟರಿನಿಂದ ತುಂಬಿಸಿಕೊಳ್ಳುವ ಡಿಸಿ-ಡಿಸಿ ಚಾರ್ಜರಿಗೆ 150ರಿಂದ 250 ಡಾಲರನ್ನು ಮೊದಲು ಖರ್ಚು ಮಾಡಿ, ಫಲಕವನ್ನು ಮೇ ತಿಂಗಳಿನಲ್ಲಿ ಕೊಂಡರಾಯಿತು.