ಬೀಸುಕಲ್ಲು ಇಟ್ಟುಕೊಂಡರೂ ತಪ್ಪೇ?

ಪ್ರಶ್ನೆ: ಅಜ್ಜಿಯ ಬೀಸುಕಲ್ಲು ನಮ್ಮ ಮನೆಯಲ್ಲಿ ಇನ್ನೂ ಇದೆ. ಮಧ್ಯಯುಗದ ಯುರೋಪಿನ ಹಳ್ಳಿಯವರೂ ಹೀಗೇ ಮನೆಯಲ್ಲಿ ಬೀಸಿಕೊಳ್ಳುತ್ತಿದ್ದರಾ?
– ಓದುಗರು, ಚಿತ್ತಾಪುರ

ಉತ್ತರ: ಬೀಸುತ್ತಿದ್ದರು. ಆದರೆ ಎಷ್ಟೋ ಊರುಗಳಲ್ಲಿ ಕದ್ದುಮುಚ್ಚಿ!

ಊರಿನ ಗಿರಣಿ ಒಡೆಯನದು, ಇಲ್ಲವೇ ಮಠದ್ದು. ಹೆಚ್ಚಾಗಿ ಹಳ್ಳದ ನೀರಿಗೆ ತಿರುಗುವಂಥದ್ದು. ಒಕ್ಕಲು ಮಕ್ಕಳು ಅಲ್ಲಿಗೇ ಕಾಳು ಹೊರಬೇಕು. ಬೀಸುವ ಕೂಲಿ ಕಾಳಿನಲ್ಲೇ. ಕೆಲವು ಕಡೆ ಹದಿನಾರರಲ್ಲಿ ಒಂದು ಪಾಲು, ಕೆಲವು ಕಡೆ ಇಪ್ಪತ್ನಾಲ್ಕರಲ್ಲಿ ಒಂದು. ಗಿರಣಿಯವನ ಕೈ ಉದ್ದ ಅನ್ನೋ ಮಾತು ಅಲ್ಲೂ ಇತ್ತು. ನಾನು ಸೇಡಂ ಕಡೆಯವನು. ಹುಡುಗನಿದ್ದಾಗ ಜೋಳದ ಡಬ್ಬಿ ಹೊತ್ತು ಪಾಳಿಗೆ ನಿಲ್ಲುತ್ತಿದ್ದೆ. ಮನೆಗೆ ಬಂದರೆ ಅವ್ವ ಡಬ್ಬಿ ಎತ್ತಿ ನೋಡಿ, 'ಸೇರು ಹಿಟ್ಟು ಗಿರಣಿನೇ ತಿಂದದ' ಅಂತ ನನಗೇ ಬೈಯುತ್ತಿದ್ದಳು.

ಗಿರಣಿ ಬೇಡದ ಊಟವೂ ಅವರಿಗಿತ್ತು. ಬಾರ್ಲಿ, ಬಟಾಣಿ, ಸೊಪ್ಪು ಒಂದೇ ಗಡಿಗೆಯಲ್ಲಿ ಕುದಿಸಿ ಅಂಬಲಿ ಮಾಡುತ್ತಿದ್ದರು. ನಮ್ಮ ನುಚ್ಚಿನ ತಮ್ಮ ಅನ್ನಿ. ಮೆಣಸಿನಕಾಯಿ ಮಾತ್ರ ಇಲ್ಲ, ಅದಿನ್ನೂ ಅಮೆರಿಕ ದಾಟಿ ಬಂದಿರಲಿಲ್ಲ.

ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನಲ್ಲಿ ನಡೆದದ್ದು ಕೇಳಿ. ನಮ್ಮಲ್ಲಿ ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ. ಅದಕ್ಕೂ ಸ್ವಲ್ಪ ಮೊದಲಿನ ಮಾತು. ಅಲ್ಲಿನ ಮಠಾಧೀಶ ರಿಚರ್ಡ್ ಆಫ್ ವಾಲಿಂಗ್‌ಫರ್ಡ್ ಗಟ್ಟಿ ತಲೆಯ ಮನುಷ್ಯ. ಸೂರ್ಯ ಚಂದ್ರರ ಚಲನೆ ತೋರಿಸುವ ಗಡಿಯಾರ ಮಾಡಿಸಿದವನು. ಆದರೆ ಜನ ಮನೆಯಲ್ಲಿ ಬೀಸಿದರೆ ಮಠದ ಗಿರಣಿಗೆ ನಷ್ಟ, ಅಲ್ವಾ? ಊರವರ ಬೀಸುಕಲ್ಲುಗಳನ್ನೆಲ್ಲ ಕಿತ್ತು ತರಿಸಿದ. ತಂದು ಏನು ಮಾಡಿದ ಗೊತ್ತಾ? ಮಠದ ಕೋಣೆಯ ನೆಲಕ್ಕೆ ಹಾಸುಗಲ್ಲಾಗಿ ಹೂಳಿಸಿದ!

ಜನ ಮರೆಯಲಿಲ್ಲ. 1381ರ ರೈತ ದಂಗೆಯಲ್ಲಿ ಮಠಕ್ಕೆ ನುಗ್ಗಿದರು. ಆ ನೆಲ ಅಗೆದು ಕಲ್ಲು ತೆಗೆದು ಒಡೆದರು. ಚರ್ಚಿನಲ್ಲಿ ರೊಟ್ಟಿ ಪ್ರಸಾದ ಹಂಚುವ ಹಾಗೆ ಚೂರುಗಳನ್ನು ಹಂಚಿಕೊಂಡು ಮನೆಗೆ ಒಯ್ದರು. ಕಿತ್ತುಕೊಂಡು ಆಗಲೇ ಐವತ್ತು ವರ್ಷ. ಕಲ್ಲು ಕಳಕೊಂಡವರ ಮೊಮ್ಮಕ್ಕಳೂ ಆ ಗುಂಪಿನಲ್ಲಿದ್ದಿರಬೇಕು. ದಂಗೆ ಬೇಗ ಅಡಗಿತು. ಮುಂದಾಳು ವಿಲಿಯಂ ಗ್ರಿಂಡ್‌ಕಾಬ್‌ನನ್ನು ಗಲ್ಲಿಗೇರಿಸಿದರು.

ನಿಮ್ಮ ಅಜ್ಜಿಯ ಕಲ್ಲಿಗೆ ಗೂಟ ಇನ್ನೂ ಇದೆಯಾ? ನಮ್ಮ ಮನೆಯದು ಯಾರೂ ಕಿತ್ತುಕೊಳ್ಳಲಿಲ್ಲ. ನಾವೇ ಅದರ ಮೇಲಿನ ಕಲ್ಲನ್ನು ಬಚ್ಚಲ ಮುಂದೆ ಕಾಲು ತಿಕ್ಕಲು ಹಾಕಿಕೊಂಡಿದ್ದೇವೆ.